ಮೆಟಾಲಿಕಾ ಕೇಳ್ರಿ, ತಪ್ಪಿಲ್ಲ, ಆದ್ರ ನಿಮ್ಮ ಸಂಜಿ ಯಾರಿಗೆ ಕೊಡ್ತೀರಿ?

ಪ್ರಶ್ನೆ: ಸರ್ ನಮಸ್ಕಾರ. ನಾ ಬಾಗಲಕೋಟ್ಯಾಗ ಇಂಜಿನಿಯರಿಂಗ್ ಮೂರನೇ ವರ್ಷ ಓದಾಕತ್ತೀನಿ. ನಾ ಕೇಳೋದೆಲ್ಲಾ ಮೆಟಾಲಿಕಾ, ನಿರ್ವಾಣಾ, ಕೋಲ್ಡ್‌ಪ್ಲೇ ಇಂಥಾ ಫೇಮಸ್ ವಿದೇಶಿ ರಾಕ್ ಬ್ಯಾಂಡ. ನನ್ನ ರೂಮ್‌ಮೇಟ್ ಅಂತಾನ, ಇವೆಲ್ಲಾ ಬರೇ ಮಾರ್ಕೆಟಿಂಗ್ ಮ್ಯಾಲ ನಿಂತಾವ, ಖರೇ ಮ್ಯೂಸಿಕ್ ಇರೋದು ಯಾರಿಗೂ ಗೊತ್ತಿಲ್ಲದ ಇಂಡಿಪೆಂಡೆಂಟ್ ಬ್ಯಾಂಡಿನ್ಯಾಗ ಅಂತ. ಈ ಜಗಳ ಈಗ ಫೆಸ್ಟ್ ಕಮಿಟಿ ತನಕ ಬಂದೈತಿ ಸರ್. ಒಂದು ಸಂಜಿಗೆ ಬ್ಯಾಂಡ್ ಕರಸೂದೈತಿ, ಅರ್ಧ ಮಂದಿ ಬ್ಯಾರೆಯವ್ರ ಹಿಟ್ ಹಾಡು ಹೊಡಿಯೋ ಕವರ್ ಬ್ಯಾಂಡ್ ಬೇಕಂತಾರ, ಅರ್ಧ ಮಂದಿ ಬೆಳಗಾವಿ ಹುಡುಗುರ ಸ್ವಂತ ಹಾಡಿನ ಬ್ಯಾಂಡ್ ಅಂತಾರ. ಫೇಮಸ್ ಬ್ಯಾಂಡುಗಳಿಗೆ ಸಿಗೋ ಅಟೆನ್ಷನ್ ಅವ್ರಿಗೆ ಸಲ್ಲಬೇಕಾದ್ದ ಏನು? ನಾವು ಯಾರನ್ನ ಕರಸೋದು?

ಉತ್ತರ: ತಮ್ಮಾ, ನಿನ್ನ ರೂಮ್‌ಮೇಟ್ ಮಾತಿನ್ಯಾಗ ಅರ್ಧ ಖರೇ ಐತಿ. ಫೇಮಸ್ ಆಗೋದ್ರಾಗ ನಸೀಬು, ರೊಕ್ಕಾ, ಕಂಪನಿಯವ್ರ ಕೈ ಎಲ್ಲಾ ಕೂಡಿರತೈತಿ, ಅದನ್ನ ಯಾರೂ ಇಲ್ಲ ಅನ್ನಂಗಿಲ್ಲ. ಆದ್ರ ಅಲ್ಲಿಂದ ಅಂವ ಒಂದ ಜಿಗತಕ್ಕ 'ಅದಕ್ಕ ಫೇಮಸ್ ಆಗಿದ್ದೆಲ್ಲಾ ಕಚರಾ' ಅನ್ನೋದಕ್ಕ ಹೋಗಿ ಮುಟ್ಟಿದ್ನಲ್ಲ, ಅದು ಮಾತ್ರ ಆಗೂದಲ್ಲ. ನಾ ಬೆಳಗಾವ್ಯಾಗ ಗಿಟಾರ್ ಕಲಸ್ತೀನಿ, ಸೀಸನ್ ಬಂತಂದ್ರ ಕಾಲೇಜ್ ಫೆಸ್ಟಿನ್ಯಾಗ ಸೌಂಡ್ ಮಿಕ್ಸರ್ ಮುಂದ ಕುಂದರ್ತೀನಿ, ಕವರ್ ಬ್ಯಾಂಡೂ ನೋಡ್ತೀನಿ ಸ್ವಂತ ಹಾಡಿನವ್ರನ್ನೂ ನೋಡ್ತೀನಿ, ಹಿಂಗಾಗಿ ಈ ಜಗಳ ನಂಗ ಹೊಸಾದಲ್ಲ, ಪ್ರತಿ ವರ್ಷ ಯಾವ್ದರ ಒಂದ್ ಕಮಿಟಿ ಇದನ್ನ ಹೊತ್ಕೊಂಡು ಬರತೈತಿ.

ಮೊದಲ ಆ ಖರೇ ಇರೋ ಅರ್ಧ ನೋಡೂಣು. ಹಾಡು ಛಲೋ ಇದ್ದಷ್ಟೂ ಫೇಮಸ್ ಆಗತೈತಿ ಅಂತ ಎಲ್ಲಾರೂ ತಿಳ್ಕೊಂಡಿರ್ತೀವಿ. ಅಮೆರಿಕಾದ ಕೊಲಂಬಿಯಾ ಯೂನಿವರ್ಸಿಟಿಯೊಳಗ ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಅಂತ ಮೂರು ಮಂದಿ ಇದನ್ನ ಪರೀಕ್ಷಾ ಮಾಡೇ ಬಿಟ್ರು, 2006ರಾಗ ಸೈನ್ಸ್ ಪತ್ರಿಕೆದಾಗ ಅದು ಬಂತು. ಯಾರೂ ಹೆಸರು ಕೇಳಿರದ ಬ್ಯಾಂಡುಗಳ 48 ಹಾಡು ತಂದು ಒಂದು ವೆಬ್‌ಸೈಟಿಗೆ ಹಾಕಿದ್ರು, 14 ಸಾವಿರಕ್ಕೂ ಹೆಚ್ಚು ಮಂದಿ ಬಂದು ಕೇಳಿದ್ರು, ಸೇರಿದ್ದನ್ನ ಡೌನ್‌ಲೋಡ್ ಮಾಡ್ಕೊಂಡ್ರು. ಮಜಾ ಎಲ್ಲೈತಿ ಅಂದ್ರ, ಒಂದು ಗುಂಪಿಗೆ ಬರೇ ಹಾಡಿನ ಹೆಸರು, ಬ್ಯಾಂಡಿನ ಹೆಸರು ಅಷ್ಟ ತೋರ್ಸಿದ್ರು. ಉಳದವ್ರನ್ನ ಎಂಟು ಬ್ಯಾರೆ ಬ್ಯಾರೆ ಗುಂಪಿಗೆ ಹಂಚಿದ್ರು, ಒಂದು ಗುಂಪಿನವ್ರಿಗೆ ಇನ್ನೊಂದು ಗುಂಪು ಕಾಣಂಗಿಲ್ಲ, ಆದ್ರ ತಮ್ಮ ಗುಂಪಿನ್ಯಾಗ ಯಾವ ಹಾಡು ಎಷ್ಟು ಮಂದಿ ಇಳಸ್ಕೊಂಡಾರ ಅನ್ನೂದು ಕಾಣತೈತಿ. ಹಾಡು ಅವ 48, ಕೇಳೋ ಮಂದಿನೂ ಒಂದ ನಮೂನಿಯವ್ರು, ಹಂಗಿದ್ರ ಎಂಟೂ ಗುಂಪಿನ್ಯಾಗ ಫಸ್ಟ್ ಬರೋ ಹಾಡು ಒಂದ ಇರಬೇಕಾಗಿತ್ತಲ್ಲ? ಇರಲಿಲ್ಲ. 52 ಮೆಟ್ರೋ ಅನ್ನೋ ಬ್ಯಾಂಡಿನ ಒಂದು ಹಾಡು, ಲೆಕ್ಕಾ ಕಾಣದ ಗುಂಪಿನ್ಯಾಗ 26ನೇ ನಂಬರಿನ್ಯಾಗಿತ್ತು, ಅಂದ್ರ ನಡುವಿನ ಹಾಡು. ಅದ ಹಾಡು ಒಂದು ಗುಂಪಿನ್ಯಾಗ ನಂಬರ್ ಒನ್ ಆತು, ಇನ್ನೊಂದರಾಗ 40ಕ್ಕ ಬಿತ್ತು. ಮೊದಲ ಬಂದ ನಾಕು ಮಂದಿ ಏನು ಒತ್ತಿದ್ರು ಅನ್ನೂದರ ಮ್ಯಾಲ ಉಳದವ್ರು ನಡದ್ರು, ಅಷ್ಟ.

ಇದನ್ನ ಕೇಳಿ ನಿನ್ನ ರೂಮ್‌ಮೇಟ್ ಕುಣದಾಡ್ತಾನ, ಗೊತ್ತೈತಿ. ಆದ್ರ ಅದ ಪ್ರಯೋಗದ ಇನ್ನೊಂದು ಮಾತು ಅವ್ಗ ಹೇಳು. ಭಾಳ ಛಲೋ ಇದ್ದ ಹಾಡು, ಅಂದ್ರ ಲೆಕ್ಕಾ ಕಾಣದ ಗುಂಪು ಹೆಚ್ಚು ಇಳಸ್ಕೊಂಡಿದ್ದು, ಪೂರಾ ತಳಕ್ಕ ಹೋಗಿದ್ದು ಕಮ್ಮಿ, ಭಾಳ ಕೆಟ್ಟ ಹಾಡು ಮ್ಯಾಲ ಬಂದಿದ್ದೂ ಕಮ್ಮಿ, ನಡುವಿನಾವ ಹೆಂಗ ಬೇಕಾದ್ರೂ ಹೋದ್ವು. ಮುಂದ ಅವ್ರೊಳಗಿನ ಇಬ್ರು ಇನ್ನೊಂದು ಕಿತಾಪತಿ ಮಾಡಿದ್ರು, ಲಿಸ್ಟ್ ಉಲ್ಟಾ ಮಾಡಿ ಕಡೀಕಿದ್ದ ಹಾಡಿಗೆ ನಂಬರ್ ಒನ್ ಅಂತ ಸುಳ್ಳ ತೋರ್ಸಿದ್ರು, ಬಹಳಷ್ಟು ಹಾಡಿಗೆ ಆ ಸುಳ್ಳ ಖರೇ ಆತು, ಆದ್ರ ಎಲ್ಲಾಕಿಂತ ಛಲೋ ಇದ್ದ ಕೆಲವು ಹಾಡು ಮೆಲ್ಲಕ ಮೆಲ್ಲಕ ವಾಪಸ್ ಮ್ಯಾಲ ಹತ್ತಿದ್ವು. ಮತ್ತ ನಂಗ ಇದರಾಗ ಎಲ್ಲಾಕಿಂತ ಹಿಡಿಸಿದ ಮಾತು ಏನಂದ್ರ, ಹಂಗ ಸುಳ್ಳ ಲಿಸ್ಟ್ ಇಟ್ಟಾಗ ಒಟ್ಟು ಡೌನ್‌ಲೋಡ್ ಕಮ್ಮಿ ಆತು, ಅಂದ್ರ ಕೆಟ್ಟದ್ದನ್ನ ಛಲೋ ಅಂತ ತಲಿ ಮ್ಯಾಲ ಹೊರಿಸಿದ್ರ ಮಂದಿಗೆ ಹಾಡು ಕೇಳೂ ಆಸಕ್ತಿನ ಹೋಗತೈತಿ. ಕಡೀ ಮಾತು ಏನಪಾ ಅಂದ್ರ, ಫೇಮಸ್ ಅನ್ನೂದು ಆ ಹಾಡು ತೀರಾ ಕೆಟ್ಟದ್ದಲ್ಲ ಅನ್ನೂದಕ್ಕ ಸಾಕ್ಷಿ ಇರಬಹುದು, ಎಲ್ಲಾಕಿಂತ ಛಲೋ ಅನ್ನೂದಕ್ಕ ಅಲ್ಲ. ಗೊತ್ತಿಲ್ಲದ ಬ್ಯಾಂಡ್ ಅನ್ನೂದು ಯಾವುದಕ್ಕೂ ಸಾಕ್ಷಿ ಅಲ್ಲ.

ಲೆಕ್ಕಾ ಹಿಡಿಯೋರು ಹೆಂಗ ಹಿಡೀತಾರ ಅನ್ನೂದೂ ಒಂದೈತಿ. 1991ರ ಮೇ ತನಕ ಅಮೆರಿಕಾದ ಬಿಲ್‌ಬೋರ್ಡ್ ಪತ್ರಿಕೆಯ ಆಲ್ಬಮ್ ಲಿಸ್ಟ್ ಹೆಂಗ ಆಗ್ತಿತ್ತು ಅಂದ್ರ, ಅಂಗಡಿಯವ್ರಿಗೆ ಫೋನ್ ಹಚ್ಚಿ ಏನ್ರಪಾ ಏನು ಓಡಾಕತ್ತೈತಿ ಅಂತ ಕೇಳೂದು. ಅಂಗಡಿಯವಾ ತನಗ ತಿಳದದ್ದು, ತನಗ ಸೇರಿದ್ದು ಹೇಳ್ತಿದ್ದಾ. ಆಮ್ಯಾಲ ಬಾರ್‌ಕೋಡ್ ಹಿಡದು ಎಣಸೂ ಸೌಂಡ್‌ಸ್ಕ್ಯಾನ್ ಬಂತು ನೋಡು, ಒಮ್ಮಿಗೆಲೆ ಕಂಟ್ರಿ, ರಾಪ್, ಮೆಟಲ್ ಎಲ್ಲಾ ಮ್ಯಾಲ ಎದ್ದು ಬಂದ್ವು. ಮಂದಿ ಮೊದಲಿಂದ ಇವನ್ನ ಕೊಳ್ತಿದ್ರು, ಎಣಸೋರಿಗೆ ಕಂಡಿದ್ದಿಲ್ಲ ಅಷ್ಟ. ಅದ ವರ್ಷ ಆಗಸ್ಟ್‌ನ್ಯಾಗ ನಿನ್ನ ಮೆಟಾಲಿಕಾದ ಕರೀ ಕವರಿನ ಆಲ್ಬಮ್ ಸೀದಾ ನಂಬರ್ ಒನ್‌ಗೆ ಬಂದು ಕುಂತಿತು.

ಈಗ ಅವನ ತಪ್ಪಿನ ಅರ್ಧಕ್ಕ ಬರೂಣು. ದೊಡ್ಡ ಬ್ಯಾಂಡ್ ಬ್ಯಾರೆ ಜಾತಿ, ಸಣ್ಣ ಬ್ಯಾಂಡ್ ಬ್ಯಾರೆ ಜಾತಿ ಅಂತ ಅಂವ ತಿಳ್ಕೊಂಡಾನ. ಅಲ್ಲೋ, ನೀ ಹೇಳಿದ ಮೂರೂ ಬ್ಯಾಂಡ್ ತಗೋ. ಮೆಟಾಲಿಕಾ 1981ರಾಗ ಹುಟ್ಟಿತು, ಮರುವರ್ಷದ ಅವ್ರ ಡೆಮೋ ಕ್ಯಾಸೆಟ್ ಫ್ಯಾನ್‌ಗಳು ಒಬ್ರಿಗೊಬ್ರು ಕಾಪಿ ಮಾಡಿ ಪೋಸ್ಟಿನ್ಯಾಗ ಕಳಿಸ್ಕೊಂಡು ಊರೂರು ತಿರಗಿತು, 1983ರ ಮೊದಲ ಆಲ್ಬಮ್ ಹೊರಗ ತಂದವಾ ನ್ಯೂ ಜರ್ಸಿಯ ಒಂದು ಸಂತ್ಯಾಗ ರೆಕಾರ್ಡ್ ಮಾರಕೊಂಡಿದ್ದ ಜಾನ್ ಜಜೂಲಾ ಅನ್ನೋ ಮನಶ್ಯಾ, ಆ ಆಲ್ಬಮ್ ಸಲುವಾಗೇ ಮೆಗಾಫೋರ್ಸ್ ಅಂತ ಲೇಬಲ್, ಅಂದ್ರ ರೆಕಾರ್ಡ್ ಕಂಪನಿ, ಕಟ್ಟಿದ. ಕೋಲ್ಡ್‌ಪ್ಲೇ 1998ರಾಗ ತಮ್ಮ ರೊಕ್ಕಾ ಹಾಕಿ ಮೊದಲ ಇಪಿ, ಅಂದ್ರ ಕೆಲವ ಹಾಡಿನ ಸಣ್ಣ ರೆಕಾರ್ಡ್, ಮಾಡಿಸಿದ್ದು 500 ಕಾಪಿ. ನಿರ್ವಾಣಾದ 1989ರ ಮೊದಲ ಆಲ್ಬಮ್ ರೆಕಾರ್ಡ್ ಮಾಡಾಕ ಆದ ಖರ್ಚು ಬರೇ 606 ಡಾಲರ್ ಚಿಲ್ಲರೆ, ಸಿಯಾಟಲ್‌ನ ಸಬ್ ಪಾಪ್ ಅನ್ನೋ ಸಣ್ಣ ಲೇಬಲ್ ಅದನ್ನ ತಂತು. ಎರಡು ವರ್ಷಕ್ಕ ಅವ್ರ ಎರಡನೇ ಆಲ್ಬಮ್ ದೊಡ್ಡ ಕಂಪನಿಯಿಂದ ಬಂದಾಗ ಆ ಕಂಪನಿಗೂ ಏನೂ ಅಂದಾಜಿರಲಿಲ್ಲ, ಮೊದಲ ಖೇಪಿಗೆ ಅಮೆರಿಕಾದ ಅಂಗಡಿಗಳಿಗೆ ಕಳಿಸಿದ್ದು 46 ಸಾವಿರದ ಆಸುಪಾಸು ಕಾಪಿ, 1992ರ ಜನವರ್ಯಾಗ ಅದ ಆಲ್ಬಮ್ ಮೈಕಲ್ ಜಾಕ್ಸನ್‌ನ ಕೆಳಗ ಇಳಿಸಿ ನಂಬರ್ ಒನ್ ಆತು. ನಿನ್ನ ರೂಮ್‌ಮೇಟ್ 1990ರಾಗ ಇದ್ದಿದ್ರ ನಿರ್ವಾಣಾ ಅವನ ಫೇವರಿಟ್ ಬ್ಯಾಂಡ್ ಆಗಿರ್ತಿತ್ತು, ಎರಡ ವರ್ಷಕ್ಕ ಬಿಟ್ಟಿರ್ತಿದ್ದಾ. ಹಾಡೋ ಹುಡುಗಾ ಅಂವನ, ದನಿ ಅದ, ಕೇಳೋ ಮಂದಿ ಹೆಚ್ಚಾದ್ರು ಅನ್ನೋ ಒಂದ ಕಾರಣಕ್ಕ ಹಾಡು ಕೆಡತೈತೇನು?

ಇನ್ನೊಂದು ಏನಂದ್ರ, ಇಂಡಿಪೆಂಡೆಂಟ್ ಅಂದ್ರ ಸಣ್ಣ ಬ್ಯಾಂಡ ಆಗಿರಬೇಕಂತಿಲ್ಲ, ರೆಕಾರ್ಡಿಂಗಿನ ಮಾಲಕಿ ಯಾರ ಕೈಯಾಗ ಐತಿ ಅನ್ನೂದು ಅಲ್ಲಿ ಮುಖ್ಯ. ರೇಡಿಯೋಹೆಡ್ ಜಗತ್ತಿನ ದೊಡ್ಡ ಬ್ಯಾಂಡ್ ಆಗಿದ್ದಾಗ 2007ರಾಗ ಕಂಪನಿ ಇಲ್ಲದ ತಮ್ಮ ಆಲ್ಬಮ್ ಸೀದಾ ಇಂಟರ್‌ನೆಟ್ಟಿಗೆ ಬಿಟ್ಟು, ನಿಮಗ ತಿಳದಷ್ಟು ರೊಕ್ಕಾ ಕೊಡ್ರಿ, ಕೊಡದಿದ್ರೂ ನಡೀತೈತಿ ಅಂದ್ರು. ವಾಷಿಂಗ್ಟನ್‌ನ ಫುಗಾಜಿ ಅನ್ನೋ ಬ್ಯಾಂಡ್ ತಮ್ಮ ಲೇಬಲ್ ಬಿಟ್ಟು ಹೋಗಲೇ ಇಲ್ಲ, ಬಹಳ ಶೋಗಳಿಗೆ ಟಿಕೆಟ್ 5 ಡಾಲರ್ ಅಂತ ಹಠಾ ಹಿಡದ್ರು, ಆದ್ರೂ ಅವ್ರ ಹೆಸರು ಊರು ತುಂಬ ಇತ್ತು.

ನಿನ್ನ ಕವರ್ ಬ್ಯಾಂಡ್ ಪ್ರಶ್ನೆಗೆ ಬೀಟಲ್ಸ್ ಕತಿ ಹೇಳಲೇಬೇಕು, ಯಾಕಂದ್ರ ನಮ್ಮ ಹುಡುಗುರಿಗೆ ಕವರ್ ಅಂದ್ರ ಕೀಳು ಅನ್ನೋದೊಂದು ಹುಳಾ ಹೊಕ್ಕೈತಿ. 1960ರಿಂದ 62ರ ತನಕ ಇವ್ರು ಜರ್ಮನಿಯ ಹ್ಯಾಂಬರ್ಗ್‌ನ ಕ್ಲಬ್ಬುಗಳೊಳಗ, ಕುಡದು ಗದ್ಲಾ ಮಾಡೋ ಮಂದಿ ಮುಂದ, ರಾತ್ರಿ ನಾಕೂವರಿ ತಾಸು, ಶನಿವಾರ ಅಂತೂ ಆರು ತಾಸು ನುಡಿಸ್ತಿದ್ರು, ಅಷ್ಟ ಹೊತ್ತು ತುಂಬಸಾಕ ಸ್ವಂತ ಹಾಡು ಎಲ್ಲಿಂದ ತರಬೇಕು, ಸಿಕ್ಕ ಸಿಕ್ಕ ಅಮೆರಿಕನ್ ಹಾಡೆಲ್ಲಾ ಹೊಡದ್ರು, ಹೊಡದು ಹೊಡದು ಕೈ ಕುಂತಿತು, ಎಲ್ಲಾರೂ ಒಬ್ರ ಮಾರಿ ಒಬ್ರು ನೋಡದ ಒಂದ ಕಡೆ ನಿಲ್ಲೂದು ಕಲತ್ರು. 1962ರ ಜನವರಿ 1ಕ್ಕ ಡೆಕ್ಕಾ ಕಂಪನಿಯವ್ರ ಮುಂದ ಆಡಿಷನ್ ಕೊಟ್ಟು ಬ್ಯಾಡ ಅನಿಸ್ಕೊಂಡ್ರು. 1963ರಾಗ ಅವ್ರ ಮೊದಲ ಆಲ್ಬಮ್ ಬಂದಾಗ ಅದರಾಗಿನ 14 ಹಾಡಿನ್ಯಾಗ 6 ಬ್ಯಾರೆಯವ್ರ ಹಾಡ. ಹಂಗಂತ ಕವರ್ ಹೊಡಿಯೋರೆಲ್ಲಾ ಬೀಟಲ್ಸ್ ಆಗ್ತಾರಂತಲ್ಲ, ಬಹಳ ಮಂದಿ ಇಪ್ಪತ್ತು ವರ್ಷ ಅವ ಹತ್ತು ಹಾಡು ಹೊಡದು ಮದಿವಿ ಮಾಡ್ಕೊಂಡು ಗಿಟಾರ್ ಅಟ್ಟಕ್ಕ ಏರಸ್ತಾರ. ಆದ್ರ ಕವರ್ ಹೊಡೀದ ಸೀದಾ ಸ್ವಂತ ಹಾಡಿಗೆ ಕೈ ಹಾಕಿದವ್ರನ್ನ ನಾ ಮಿಕ್ಸರ್ ಹಿಂದಿಂದ ನೋಡ್ತೀನಲ್ಲ, ಡ್ರಮ್ಮರ್ ಒಂದು ಕಡೆ ಓಡಿರ್ತಾನ, ಬ್ಯಾಸ್ ಇನ್ನೊಂದು ಕಡೆ, ಹಾಡಿನ ನಡುವ ಬ್ರೇಕ್ ಬಂದ್ರ ಯಾರು ಮೊದಲು ಎತ್ತಬೇಕು ಅಂತ ನಾಕೂ ಮಂದಿಗೆ ಗೊತ್ತಿರಂಗಿಲ್ಲ.

ಸಣ್ಣ ಬ್ಯಾಂಡ್ ಬಗ್ಗೆ ಬಿಚ್ಚಿ ಒಂದು ಮಾತು ಹೇಳತೀನಿ, ಬೆಳಗಾವಿ ಹುಡುಗುರು ಸಿಟ್ಟಾದ್ರೂ ಆಗ್ಲಿ. ಸಣ್ಣವ್ರದಾರ ಅಂತ ಶಭಾಷ್ ಅನ್ನೂದು ಅವ್ರಿಗೆ ಮಾಡೋ ದೊಡ್ಡ ಅನ್ಯಾಯ. ಮನ್ಯಾಗ ಕನ್ನಡಾ, ಓಣ್ಯಾಗ ಮರಾಠಿ, ಗೆಳ್ಯಾರ ಜೋಡಿ ಎರಡೂ ಕಲಸಿ ಮಾತಾಡೋ ಹುಡುಗಾ ಮೈಕ್ ಮುಂದ ನಿಂತ ಕೂಡ್ಲೆ ಸಿಯಾಟಲ್‌ನ್ಯಾಗ ಹುಟ್ಟಿದವ್ರಂಗ ಬಾಯಿ ಸೊಟ್ಟ ಮಾಡಿ ಇಂಗ್ಲಿಷಿನ್ಯಾಗ ತನ್ನ ದುಃಖಾ ಹೇಳಾಕ ಹತ್ತಿದ್ರ, ಅದು ಸ್ವಂತ ಹಾಡು ಅಂತ ಬರೇ ಕಾಗದದ ಮ್ಯಾಲ ಇರತೈತಿ. ಇಂಗ್ಲಿಷ್ ಬ್ಯಾಡ ಅನ್ನಾಕತ್ತಿಲ್ಲ, ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ ಅನ್ನೋ ಬ್ಯಾಂಡಿನವ್ರು 1996ರಿಂದ ಇಂಗ್ಲಿಷಿನ್ಯಾಗ ಹಾಡ್ಕೋತ ಬಂದಾರ, ಅದು ಅವ್ರ ಊರಿನ ಇಂಗ್ಲಿಷ ಅಂತ ಕೇಳಿದ ಕೂಡ್ಲೆ ತಿಳೀತೈತಿ. ರಘು ದೀಕ್ಷಿತ್ 2008ರ ತನ್ನ ಮೊದಲ ಆಲ್ಬಮ್‌ನ್ಯಾಗ ಶಿಶುನಾಳ ಶರೀಫರ ಪದಾ ತಗೊಂಡ್ರು. ನಮ್ಮ ಕಡೆ ಭಜನಿ ಮೇಳದಾಗ ಮುಂಜಾನೀತನಕ ಹಾಡೋ ಪದಾ ಅವು, ಅದಕ್ಕ ಡ್ರಮ್ಸ್ ಬ್ಯಾಸ್ ಕೂಡಿಸಿ ಇಂಗ್ಲೆಂಡಿನ ಸ್ಟೇಜ್ ತನಕ ಒಯ್ದ್ರು. ಸ್ವರಾತ್ಮ ಅನ್ನೋ ಬ್ಯಾಂಡಿನವ್ರೂ ಅದ ದಾರ್ಯಾಗ ತಮ್ಮದ ಒಂದು ದನಿ ಮಾಡ್ಕೊಂಡ್ರು. ಇವ್ರು ಈಗ ದೊಡ್ಡವ್ರು ಅಂತ ನಿನ್ನ ರೂಮ್‌ಮೇಟ್ ಲಿಸ್ಟಿನ್ಯಾಗಿಂದ ಹೊಡದು ಹಾಕಿದ್ರ ಅದು ಅವನ ಲುಕ್ಸಾನು.

ದೊಡ್ಡ ಬ್ಯಾಂಡಿನಿಂದ ಇನ್ನೊಂದು ಉಪಯೋಗ ಐತಿ, ಇದನ್ನ ಮಂದಿ ಮರೀತಾರ. ಅವು ಬಾಗಲಾ ತೆಗೀತಾವ. ಮೆಟಾಲಿಕಾ 1987ರಾಗ ಒಂದು ಇಪಿ ತಂದ್ರು, ಪೂರಾ ಬ್ಯಾರೆಯವ್ರ ಹಾಡು, ಡೈಮಂಡ್ ಹೆಡ್, ಹೋಲೋಕಾಸ್ಟ್, ಕಿಲ್ಲಿಂಗ್ ಜೋಕ್, ಬಜ್ಜಿ, ಮಿಸ್‌ಫಿಟ್ಸ್. ಇವ್ರೊಳಗ ಬಹಳಷ್ಟು ಮಂದಿ ಆವಾಗ ಅಮೆರಿಕಾದ ಸಾಮಾನ್ಯ ಕೇಳುಗರಿಗೆ ಗೊತ್ತ ಇರಲಿಲ್ಲ. ನಿರ್ವಾಣಾ 1993ರಾಗ ಎಂಟಿವಿಯೊಳಗ ಕರೆಂಟ್ ಗಿಟಾರ್ ಬಿಟ್ಟು ಕುಂತು ನುಡಿಸಿದ್ರಲ್ಲ, ಚಾನೆಲ್‌ನವ್ರು ಹಿಟ್ ಹಾಡು ಹೊಡೀತಾರ ಅಂತ ದಾರಿ ಕಾಯ್ತಿದ್ರ, ಇವ್ರು ಸ್ಕಾಟ್ಲೆಂಡಿನ ವ್ಯಾಸಲೀನ್ಸ್ ಅನ್ನೋ ಸಣ್ಣ ಬ್ಯಾಂಡಿನ ಹಾಡು ಎತ್ಕೊಂಡ್ರು, ಮೀಟ್ ಪಪೆಟ್ಸ್ ಬ್ಯಾಂಡಿನ ಅಣ್ಣತಮ್ಮಂದ್ರನ್ನ ಸ್ಟೇಜ್ ಮ್ಯಾಲ ಕರದು ಬಾಜೂಕ ಕುಂದರಿಸ್ಕೊಂಡು ಅವ್ರ ಮೂರು ಹಾಡು ಹೊಡದ್ರು. ಹಿಂಗಾಗಿ ನೀ ಮೆಟಾಲಿಕಾ ಕೇಳೂದು ಬಿಡಬ್ಯಾಡ, ಆದ್ರ ಅಲ್ಲೇ ಠಿಕಾಣಿ ಹೂಡಬ್ಯಾಡ. ಈ ಹಾಡು ಇವ್ರು ಎಲ್ಲಿಂದ ತಂದ್ರು ಅಂತ ಒಂದೊಂದು ಮೆಟ್ಟಲಾ ಇಳಕೋತ ಹೋಗು. ರೂಮ್‌ಮೇಟ್ ಜೋಡಿ ಜಗಳಾಡೂಕಿಂತ ಇದು ಛಲೋ ಕೆಲಸ.

ಈಗ ರೊಕ್ಕದ ಮಾತು, ನನ್ನ ಪ್ರಕಾರ ಖರೇ ಉತ್ತರ ಇರೋದು ಇಲ್ಲೇ. ಅಟೆನ್ಷನ್ ಯಾರಿಗೆ ಸಲ್ಲಬೇಕು ಅಂತ ಕೇಳಿದಿ. ನಾ ಆ ಪ್ರಶ್ನೆ ಬಿಟ್ಟು, ನೀ ಕೊಟ್ಟದ್ದರಿಂದ ಯಾರಿಗೆ ಏನು ಆಗತೈತಿ ಅಂತ ನೋಡ್ತೀನಿ. ಕೋಲ್ಡ್‌ಪ್ಲೇಗೆ ನಿನ್ನ ಒಂದು ಟಿಕೆಟ್ ಅಂದ್ರ ತುಂಬಿದ ಆಲಮಟ್ಟಿ ಡ್ಯಾಮಿಗೆ ಒಂದು ಕೊಡಾ ನೀರು ಸುರುವಿದಂಗ. 2025ರ ಜನವರ್ಯಾಗ ಅವ್ರು ನವಿ ಮುಂಬೈಯಾಗ ಮೂರು, ಅಹಮದಾಬಾದಿನ ಸ್ಟೇಡಿಯಂನ್ಯಾಗ ಎರಡು ಶೋ ಮಾಡಿದ್ರು, ಟಿಕೆಟ್ ಬಿಟ್ಟ ದಿನಾ ಲಕ್ಷಗಟ್ಟಲೆ ಮಂದಿ ಆನ್‌ಲೈನ್ ಪಾಳಿ ಹಚ್ಚಿದ್ರು, ಬ್ಲ್ಯಾಕಿನ್ಯಾಗ ಎಷ್ಟೆಷ್ಟಕ್ಕೋ ಹೋದ್ವು. ನೀ ಹೋಗದಿದ್ರ ನಿನ್ನ ಜಾಗಾದಾಗ ನಿಲ್ಲಾಕ ಹಿಂದ ಸಾವಿರ ಮಂದಿ ಅದಾರ. ಅದ ಸಂಜಿ ನೀನು ನಿನ್ನ ಒಂಬತ್ತು ಗೆಳ್ಯಾರು ಬೆಳಗಾವಿಯ ಒಂದು ಸಣ್ಣ ಬ್ಯಾಂಡ್ ಮುಂದ ಹೋಗಿ ನಿಂತ್ರ, ಅಲ್ಲಿದ್ದ ಮಂದಿ ಮೂವತ್ತಿದ್ದದ್ದು ನಲವತ್ತಾಗತೈತಿ, ಆ ಕೆಫೆ ಮಾಲಕ ಮುಂದಿನ ತಿಂಗಳಾನೂ ಬರ್ರೆಪಾ ಅಂತಾನ.

ಮೊಬೈಲಿನ್ಯಾಗ ಕೇಳೂದಂತೂ ಇನ್ನೂ ವಿಚಿತ್ರ. ಸ್ಪಾಟಿಫೈದಂಥಾ ಕಡೆ ನೀ ತಿಂಗಳಾ ಕೊಡೋ ರೊಕ್ಕಾ ನೀ ಕೇಳಿದ ಬ್ಯಾಂಡಿಗೆ ಹೋಗತೈತಿ ಅಂತ ತಿಳ್ಕೊಂಡಿರ್ತಿ. ಹಂಗಿಲ್ಲ. ಎಲ್ಲಾರ ರೊಕ್ಕಾ ಒಂದ ಕಡೆ ಗುಂಪಿ ಹಾಕಿ, ಒಟ್ಟು ಪ್ಲೇ ಆಗಿದ್ದರಾಗ ಯಾರ ಪಾಲು ಎಷ್ಟು ಅಂತ ನೋಡಿ ಹಂಚ್ತಾರ. ನೀ ತಿಂಗಳಾ ಪೂರ್ತಿ ಒಂದು ಸಣ್ಣ ಬ್ಯಾಂಡ್ ಅಷ್ಟ ಕೇಳಿದ್ರೂ ನಿನ್ನ ರೊಕ್ಕದ ಬಹುಪಾಲು ದೊಡ್ಡವ್ರ ಕಡೆನ ಹೋಗತೈತಿ. 2024ರಿಂದ ಇನ್ನೊಂದು ನಿಯಮ ಹಾಕ್ಯಾರ, ಒಂದು ಹಾಡು ಹಿಂದಿನ 12 ತಿಂಗಳಾಗ ಕಮ್ಮಿತ ಕಮ್ಮಿ 1,000 ಸಲ ಪ್ಲೇ ಆಗಿರಬೇಕು, ಇಲ್ಲಂದ್ರ ಆ ರೆಕಾರ್ಡಿಂಗಿಗೆ ರಾಯಲ್ಟಿನ ಇಲ್ಲ. ದೊಡ್ಡವ್ರಿಗೆ ಇದು ಯಾವ ಲೆಕ್ಕಾನೂ ಅಲ್ಲ, ಈಗಷ್ಟ ಶುರು ಮಾಡಿದ ಬ್ಯಾಂಡಿಗೆ ಇದು ದೊಡ್ಡ ಹೊಸ್ತಲಾ. ಅದಕ್ಕ ಸಣ್ಣವ್ರ ಹಾಡು ಹಿಡಸಿದ್ರ ಸೀದಾ ಅವ್ರ ಕಡೆ ಕೊಂಡ್ಕೋ. ಬ್ಯಾಂಡ್‌ಕ್ಯಾಂಪ್ ಅನ್ನೋ ವೆಬ್‌ಸೈಟಿನ್ಯಾಗ ಡಿಜಿಟಲ್ ಹಾಡು ಕೊಂಡ್ರ ಅವ್ರು ಸಾಮಾನ್ಯಾಗಿ 15% ಹಿಡಕೊಂಡು, ಪೇಮೆಂಟ್ ಫೀ ಕಳದು, ಉಳದದ್ದು ಬ್ಯಾಂಡಿಗೆ ಕೊಡ್ತಾರ. ಇಲ್ಲಾ ಶೋ ಮುಗದ ಮ್ಯಾಲ ಅವ್ರ ಟೀ ಶರ್ಟ್ ತಗೋ, ಪೆಟ್ರೋಲಿಗರ ಆಗತೈತಿ.

ದೊಡ್ಡವ್ರಿಗೂ ಇದು ಗೊತ್ತೈತಿ ಬಿಡು. ಅದ ಕೋಲ್ಡ್‌ಪ್ಲೇ 2025ರ ತಮ್ಮ ಇಂಗ್ಲೆಂಡಿನ ಸ್ಟೇಡಿಯಂ ಶೋಗಳ ಗಳಿಕೆಯೊಳಗ 10% ಅಲ್ಲಿಯ ಸಣ್ಣ ಸಣ್ಣ ಸಂಗೀತದ ಜಾಗಾ ಉಳಸೋ ಮ್ಯೂಸಿಕ್ ವೆನ್ಯೂ ಟ್ರಸ್ಟಿಗೆ ಕೊಡ್ತೀವಿ ಅಂದ್ರು. ಯಾಕಂದ್ರ ನೂರು ಮಂದಿ ಹಿಡಿಸೋ ಜಾಗಾ ಮುಚ್ಚಿ ಹೋದ್ರ ನಾಳೆ ಸ್ಟೇಡಿಯಂ ತುಂಬಸೋ ಬ್ಯಾಂಡ್ ಎಲ್ಲಿಂದ ಬರತೈತಿ?

ನಮ್ಮ ಕಡೆ ನೋಡು, ಸಣ್ಣ ಹೆಸರಿನವ್ರ ಮುಂದ ರಾತ್ರಿ ಪೂರಾ ಕುಂದ್ರೂದು ನಮ್ಮ ಮಂದಿಗೆ ಹೊಸಾದ ಅಲ್ಲ. ಜಾತ್ರ್ಯಾಗ ಹರದೇಶಿ ನಾಗೇಶಿ ಹಾಡಕಿ ಹಚ್ಚಿದ್ರ, ಆ ಕಡೆಯವ್ರು ಗಂಡು ಹೆಚ್ಚು ಅಂತಾರ, ಈ ಕಡೆಯವ್ರು ಹೆಣ್ಣು ಹೆಚ್ಚು ಅಂತಾರ, ದಪ್ಪು ತುಂತುಣಿ ಹಿಡದು ಸವಾಲು ಜವಾಬು ನಡೀತೈತಿ, ಕುಂತ ಮಂದಿ ಯಾವ ಊರವ್ರಿದ್ರೇನು, ಉತ್ತರಾ ಕೊಟ್ಟಾರೋ ಇಲ್ಲೋ ಅಷ್ಟ ನೋಡ್ತಾರ, ಕೊಟ್ರ ಅಲ್ಲೇ ರೊಕ್ಕಾ ಆಯೇರಿ ಬೀಳತೈತಿ. ಹಂಗ ಬನಶಂಕರಿ ಜಾತ್ರ್ಯಾಗ ನಾಟಕ ಕಂಪನಿಯವ್ರು ಬಾಜೂ ಬಾಜೂಕ ಟೆಂಟ್ ಹೊಡದು ವಾರಗಟ್ಟಲೆ ಆಡ್ತಾರ, ಮಂದಿ ಎಲ್ಲಿ ನುಗ್ಗತೈತಿ ಅಲ್ಲಿ ಹೌಸ್‌ಫುಲ್ ಬೋರ್ಡ್. ಹೌಸ್‌ಫುಲ್ ಆತು ಅಂತ ಆ ನಾಟಕ ಕೀಳು ಅಂತ ಯಾರೂ ಅನ್ನಂಗಿಲ್ಲ, ನಗಸಾಕ ಎಷ್ಟು ಕಸುಬು ಬೇಕಂತ ಹಾರ್ಮೋನಿಯಂ ಮಾಸ್ತರನ್ನ ಕೇಳು. ನಮ್ಮ ಹಿರ್ಯಾರು ಎರಡನ್ನೂ ತಕರಾರಿಲ್ಲದ ನೋಡ್ಕೋತ ಬಂದಾರ, ರಾಕ್ ವಿಷಯಕ್ಕ ಬಂದಾಗಷ್ಟ ಈ ಹುಡುಗುರಿಗೆ ಮಡಿ ಮೈಲಿಗಿ ಎಲ್ಲಿಂದ ಬಂತೋ.

ಆತು, ಈಗ ನಿಮ್ಮ ಫೆಸ್ಟ್. ನನ್ನ ಮಾತು ಕೇಳೂದಾದ್ರ ಬೆಳಗಾವಿ ಹುಡುಗುರನ್ನ ಕರಸ್ರಿ. ಹಿಟ್ ಹಾಡು ನಿಮ್ಮ ಹಾಸ್ಟೆಲ್ಲಿನ ಸ್ಪೀಕರಿನ್ಯಾಗ ದಿನಾ ಬಡೀತೈತಿ, ಅದ ಹಾಡು ಸ್ವಲ್ಪ ಬೇಸೂರಾಗಿ ಕೇಳಾಕ ಒಂದು ಸಂಜಿ, ಕಮಿಟಿ ರೊಕ್ಕಾ ಎಲ್ಲಾ ಯಾಕ ಖರ್ಚು ಮಾಡ್ತೀರಿ. ಆದ್ರ ಸುಮ್ನ ಕರಸಿದ್ರ ಮುಗೀಲಿಲ್ಲ, ಹೆಂಗ ಕರಸ್ತೀರಿ ಅನ್ನೂದರ ಮ್ಯಾಲ ಎಲ್ಲಾ ಐತಿ. ನಾ ನೋಡಿದ ಹತ್ತರಾಗ ಎಂಟು ಫೆಸ್ಟಿನ್ಯಾಗ ಸ್ವಂತ ಹಾಡಿನ ಬ್ಯಾಂಡಿಗೆ ಮಧ್ಯಾಹ್ನ ಬಿಸಲಾಗ ಟೈಮ್ ಕೊಡ್ತಾರ, ಮುಂದ ಖಾಲಿ ಕುರ್ಚಿ, ಆಮ್ಯಾಲ 'ನೋಡ್ರಿ ಸರ್, ಮಂದಿಗೆ ಸೇರಲಿಲ್ಲ' ಅಂತಾರ. ಏಳೂವರಿಗೆ ಸ್ಟೇಜ್ ಕೊಡ್ರಿ, ಮಂದಿ ಕೂಡಿರತೈತಿ, ಎಂಟೂಕಾಲಿಗೆ ಇಳಸ್ರಿ. ರಾತ್ರಿ 10ರ ಮ್ಯಾಲ ಬಯಲಾಗ ಲೌಡ್‌ಸ್ಪೀಕರ್ ಹಚ್ಚಂಗಿಲ್ಲ ಅಂತ 2000ನೇ ಇಸ್ವಿಯ ಶಬ್ದ ಮಾಲಿನ್ಯ ನಿಯಮದಾಗ ಐತಿ, ಪೊಲೀಸರು ಬಂದು ನಿಲ್ಲೂ ತನಕ ಎಳೀಬ್ಯಾಡ್ರಿ.

ಬ್ಯಾಂಡಿನವ್ರಿಗೆ ಮೊದಲ ಹೇಳ್ರಿ, 45 ನಿಮಿಷ, ಅದರಾಗ ಎರಡು ಹಾಡು ಮಂದಿಗೆ ಗೊತ್ತಿದ್ದಾವು ಇರಲಿ ಅಂತ. ಆದ್ರ ಗೊತ್ತಿದ್ದ ಹಾಡು ಹಂಗ ಹಂಗ ನಕಲಾ ಹೊಡೀಬಾರದು, ತಮ್ಮ ಥರಾ ಮಾಡಿ ಹೊಡೀಲಿ, ಒಂದು ತತ್ವಪದಾ ಇದ್ರಂತೂ ಕೇಳೂದ ಬ್ಯಾಡ. ಎರಡನೇ ಹಾಡು ಗೊತ್ತಿದ್ದದ್ದು, ಕಡೀಕಿಂತ ಒಂದು ಮೊದಲಿಂದು ಗೊತ್ತಿದ್ದದ್ದು, ಶುರುಕ ಮತ್ತ ಕಡೀಕ ಸ್ವಂತದ್ದು. ಕವರ್ ಬೇಕು ಅಂತ ಜಗಳಾಡಾಕತ್ತ ಅರ್ಧ ಮಂದಿಗೂ ಸಮಾಧಾನ ಆಗತೈತಿ. ಬ್ಯಾರೆಯವ್ರ ಹಾಡು ಹೊರಗಿನ ಬ್ಯಾಂಡ್ ತಂದು ಸ್ಟೇಜ್ ಮ್ಯಾಲ ಹಾಡಸ್ತೀರಂದ್ರ, ಅದೂ ಟಿಕೆಟ್ ಇಟ್ಟು, ಹಾಡು ಬರದವ್ರ ಹಕ್ಕು ನೋಡ್ಕೊಳ್ಳೋ ಐಪಿಆರ್‌ಎಸ್ ಅನ್ನೋ ಸಂಸ್ಥೆಯ ಲೈಸೆನ್ಸಿನ ಮಾತು ಬರತೈತಿ, ಅದನ್ನ ಕಾಲೇಜ್ ಆಫೀಸಿನ್ಯಾಗ ಮೊದಲ ಕೇಳಿ ಇಟ್ಕೋರಿ.

ಸೌಂಡ್ ವಿಷಯ ಸ್ವಲ್ಪ ಕಿವಿಗೊಟ್ಟು ಕೇಳು, ಸಣ್ಣ ಬ್ಯಾಂಡಿನ ಮಾನ ಹೋಗೋದು ಇಲ್ಲೇ. ಗೊತ್ತಿದ್ದ ಹಾಡಾದ್ರ ಸೌಂಡ್ ಕೆಟ್ಟಿದ್ರೂ ಮಂದಿ ತಮ್ಮ ತಲ್ಯಾಗಿಂದ ತುಂಬಸ್ಕೊಂಡು ಕೇಳ್ತಾರ, ಹೊಸಾ ಹಾಡಿಗೆ ಹಂಗಾಗಂಗಿಲ್ಲ, ಮಾತು ತಿಳೀಲಿಲ್ಲಂದ್ರ ಮುಗೀತು, ಫೋನ್ ತಗೀತಾರ. ಡಿಜೆ ಸೆಟ್ ತಂದು ಬ್ಯಾಂಡಿಗೂ ಅದನ್ನ ಹಚ್ಚೂದು ನಮ್ಮ ಕಡೆ ಚಟಾ ಆಗೇತಿ, ಬ್ಯಾಸ್ ಬಾಕ್ಸ್ ಅಷ್ಟು ದೊಡ್ಡದಿರತೈತಿ, ಹಾಡವ್ನ ದನಿ ಅದರ ಕೆಳಗ ಸಿಕ್ಕು ಸಾಯತೈತಿ. ಬ್ಯಾಂಡಿಗೆ ಬೇಕಾದ್ದು ಏನಂದ್ರ, ಸ್ಟೇಜ್ ಮ್ಯಾಲ ಅವ್ರ ದನಿ ಅವ್ರಿಗೆ ಕೇಳಾಕ ಕಮ್ಮಿತ ಕಮ್ಮಿ ಮೂರು ಮಾನಿಟರ್ ಸ್ಪೀಕರ್, ಡ್ರಮ್ಸಿಗೆ ಸರಿಯಾದ ಮೈಕ್, ಬ್ಯಾಸ್ ಮತ್ತ ಕೀಬೋರ್ಡನ್ನ ಸೀದಾ ಮಿಕ್ಸರಿಗೆ ಜೋಡಸಾಕ ಡಿಐ ಬಾಕ್ಸ್, ಮತ್ತ ಮಂದಿ ಬರೂಕಿಂತ ಮೊದಲ ಒಂದು ತಾಸು ಸೌಂಡ್ ಚೆಕ್. ಜನರೇಟರ್ ಮ್ಯಾಲ ನಡಸೂದಾದ್ರ ಅರ್ಥಿಂಗ್ ಯಾರರ ಬಲ್ಲ ಎಲೆಕ್ಟ್ರಿಷಿಯನ್ ಕಡೆ ನೋಡಸ್ರಿ, ಅದು ಸರಿ ಇಲ್ಲಂದ್ರ ಗಿಟಾರಿನ್ಯಾಗ ಗುಂಯ್ ಅಂತ ಒಂದ ಸಮನ ಬರತೈತಿ, ಅದಕ್ಕಿಂತ ಹೆಚ್ಚಾಗಿ ಗಿಟಾರ್ ಹಿಡದವಾ ಮೈಕಿಗೆ ತುಟಿ ಹಚ್ಚಿದ್ರ ಶಾಕ್ ಹೊಡೀತೈತಿ, ಇದು ಚ್ಯಾಷ್ಟಿ ಮಾತಲ್ಲ.

ರೊಕ್ಕಾ ಮಾತಾಡುವಾಗ 'ನಿಮಗ ಎಕ್ಸ್‌ಪೋಷರ್ ಸಿಗತೈತಿ' ಅನ್ನೂ ಮಾತು ಬಾಯಾಗಿಂದ ತೆಗೀಬ್ಯಾಡ್ರಿ. ಡಿಜೆಗೆ, ಲೈಟಿನವ್ಗ, ಶಾಮಿಯಾನಾದವ್ಗ ಅಡ್ವಾನ್ಸ್ ಕೊಡ್ತೀರಿ, ಹಾಡವ್ರಿಗೆ ಮಾತ್ರ ಎಕ್ಸ್‌ಪೋಷರ್. ಅರ್ಧ ಮೊದಲ, ಅರ್ಧ ಅವತ್ತ ರಾತ್ರಿ, ಬೆಳಗಾವಿಯಿಂದ ಡ್ರಮ್ಸ್ ಹೇರ್ಕೊಂಡು ಬರೋ ಗಾಡಿ ಖರ್ಚು ಬ್ಯಾರೆ. ರಾತ್ರಿ ಊಟಾ ಹಾಕಿ ಕಳಸ್ರಿ. ಪೋಸ್ಟರಿನ್ಯಾಗ ಅವ್ರ ಹೆಸರು ಡಿಜೆ ಹೆಸರಿನಷ್ಟ ದಪ್ಪ ಅಕ್ಷರದಾಗ ಹಾಕ್ರಿ, ಮತ್ತ ಒಂದು ವಾರ ಮೊದಲ ಅವ್ರ ಎರಡು ಹಾಡು ಹಾಸ್ಟೆಲ್ ಗ್ರೂಪಿನ್ಯಾಗ ಬಿಡ್ರಿ, ಸ್ಟೇಜ್ ಮ್ಯಾಲ ಅವು ಬಂದಾಗ ಮುಂದಿನ ಎರಡು ಸಾಲಿನವ್ರಿಗರ ಗೊತ್ತಿರಬೇಕು. ಹಾಡು ಹಂಚೂ ಕೆಲಸಾ ನಿನ್ನ ರೂಮ್‌ಮೇಟ್‌ಗ ಹಚ್ಚು, ಹೆಂಗೂ ಅವ್ಗ ಆ ಹಾಡು ಎಲ್ಲಿ ಸಿಗತಾವ ಅಂತ ಗೊತ್ತಿರತೈತಿ.